ಒಂದು ಬೀದಿಗೆ ಒಂದೇ ಹಸು

ಸಂಕ್ರಾಂತಿ ಬಂದ ಮೂರನೆಯ ದಿನ ಊರಿಗೆಲ್ಲ ಹಬ್ಬದ ಆಯಾಸ, ದನದ ಡಾಕ್ಟರಿಗೆ ಮಾತ್ರ ಓಡಾಟ. ತಮಿಳುನಾಡಿನ ಗಡಿಯ ಹೊಸೂರಿನ ಸುತ್ತಮುತ್ತ ಈ ಕೆಲಸ ಮಾಡುವವರು ಯಾರೂ ಆ ದಿನ ರಜೆ ಕೇಳುವುದಿಲ್ಲ, ಕೇಳಿದರೂ ಸಿಗುವುದಿಲ್ಲ. ಚಂದ್ರಲೇಖಾ ಇದನ್ನು ಚೆನ್ನಾಗಿ ಬಲ್ಲವಳು. ಅದಕ್ಕೇ ಆ ಬೆಳಿಗ್ಗೆ ಆಲಸನತ್ತಂನ ತನ್ನ ಮನೆಯ ಅಡುಗೆಮನೆಯಲ್ಲಿ ಮಗಳ ಬಾಯಿಗೆ ರಾಗಿ ಸರಿ ಇಡುತ್ತಾ, ಕಿಟಕಿಯಲ್ಲಿದ್ದ ಫೋನಿನ ಮೇಲೆ ಒಂದು ಕಣ್ಣಿಟ್ಟೇ ಇದ್ದಳು.

ಮಗಳು ಭೂಮಿಕಾಗೆ ಹದಿನಾಲ್ಕು ತಿಂಗಳು. ಚಂದ್ರಲೇಖಾ ಪ್ರಾಣಿ ಆಸ್ಪತ್ರೆಯ ಕೆಲಸಕ್ಕೆ ವಾಪಸಾಗಿ ಮೂರು ವಾರ. ಆಸ್ಪತ್ರೆಯ ಬೋರ್ಡಿನ ಮೇಲೆ ‘ತುರ್ತು ಚಿಕಿತ್ಸೆ’ ಅಂತ ದೊಡ್ಡದಾಗಿ ಬರೆಸಿದ್ದರೂ ಆ ತುರ್ತಿಗೆಲ್ಲ ಇದ್ದದ್ದು ಒಂದು ಹಳೆಯ ವ್ಯಾನು, ಎರಡು ಔಷಧದ ಪೆಟ್ಟಿಗೆ, ಸಹಾಯಕ ದೇವರಾಜು, ಮತ್ತು ಅವಳು. ಈ ಮೂರು ವಾರದಲ್ಲಿ ಬಂದದ್ದೆಲ್ಲ ಸಣ್ಣಪುಟ್ಟದ್ದು. ಗಂಟಲಲ್ಲಿ ಮೂಳೆ ಸಿಕ್ಕಿಸಿಕೊಂಡ ನಾಯಿ, ಸ್ಕೂಟರಿಗೆ ಸಿಕ್ಕ ಬೆಕ್ಕು, ತಂತಿಬೇಲಿಗೆ ಕೆಚ್ಚಲು ಹರಿದುಕೊಂಡ ಒಂದು ಮೇಕೆ. ಹೊಟ್ಟೆ ಕೊಯ್ಯುವಂಥದ್ದು ಬಂದಿರಲಿಲ್ಲ. ಬರದೇ ಇದ್ದರೆ ಸಾಕಪ್ಪಾ ಅಂತ ಅವಳಿಗೆ ಅನ್ನಿಸುತ್ತಿತ್ತು. ಒಂದೂಮುಕ್ಕಾಲು ವರ್ಷ ಕತ್ತರಿ ಹಿಡಿಯದ ಕೈ, ಮೊದಲಿನ ಹಾಗೆ ಓಡುತ್ತದೋ ಇಲ್ಲವೋ.

ಫೋನ್ ಹೊಡೆಯಿತು.

“ಚಂದ್ರೀ, ನಾನು ಕಣೇ, ಅವಲಪಲ್ಲಿ ಚೆಲುವಮ್ಮ. ಚುಕ್ಕಿ ಯಾಕೋ ಬಾಯಾಡಿಸ್ತಿಲ್ಲ. ಎಬ್ಸಿದ್ರೆ ಏಳ್ತಾಳೆ, ಹಂಗೇ ಕೂತ್ಕೋತಾಳೆ. ಕಣ್ಣು ಒಳಕ್ಕೆ ಹೋಗ್ಬುಟ್ಟವೆ. ಎಂಟು ತಿಂಗಳ ಗಬ್ಬ ಕಣೇ ಅದು.”

“ಏನು ತಿಂದಿದ್ದಾಳೆ ಚೆಲುವಮ್ಮ?”

“ಏನಿಲ್ಲ ಕಣೇ. ಹಬ್ಬದ್ದು ಒಂದು ಹಿಡಿ.”

ಗಂಡ ಅನಂತ್ ಟ್ರಕ್ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ಹಬ್ಬಕ್ಕೆ ಮೂರು ದಿನ ಬಿಡುವು ಸಿಕ್ಕಿದ್ದರಿಂದ ಮನೆಯಲ್ಲೇ ಇದ್ದ. ಅವಳು ಏನೂ ಹೇಳುವ ಮೊದಲೇ ಸರಿಯ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು, “ಒಂದು ಹಿಡಿ ಅಂದ್ರಾ?” ಅಂದ.

“ಹೂಂ.”

“ಹಾಗಾದ್ರೆ ಸಂಜೆ ಆಯ್ತು ಬಿಡು. ಹೋಗ್ಬಾ.”

ಅವಲಪಲ್ಲಿಯ ಆ ಬೀದಿ ಚಂದ್ರಲೇಖಾ ಬೆಳೆದ ಬೀದಿ. ಅವಳ ಅಪ್ಪ ಅಪ್ಪಣ್ಣ ಮಾಲೂರಿನ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದು, ಚೆಲುವಮ್ಮನ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಹದಿನಾರು ವರ್ಷ ಬಾಡಿಗೆಗಿದ್ದರು. ಆಗ ಅಲ್ಲಿ ಇಪ್ಪತ್ತು ಮನೆ, ಇಪ್ಪತ್ತೆರಡು ಹಸು. ಬೆಳಗಿನ ಶಿಫ್ಟಿನ ಬಸ್ಸು ಬರುವ ಮುಂಚೆ ಬೀದಿಯ ತುಂಬ ಪಾತ್ರೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು. ಮೊದಲು ತಳಕ್ಕೆ ಟಣ್ ಟಣ್ ಅಂತ, ಆಮೇಲೆ ನೊರೆಯೊಳಗೆ ಬುಸ್ ಬುಸ್ ಅಂತ. ಹಾಸಿಗೆಯಲ್ಲೇ ಮಲಗಿಕೊಂಡು ಯಾವ ಮನೆಯ ಪಾತ್ರೆ ತುಂಬಿತು ಅನ್ನುವುದನ್ನು ಅವಳು ಹೇಳಬಲ್ಲವಳಾಗಿದ್ದಳು.

ಸಂಕ್ರಾಂತಿ ಬಂತೆಂದರೆ ಆ ಬೀದಿಗೆ ಎರಡು ಹಬ್ಬ. ಮೊದಲ ದಿನ ಕನ್ನಡದವರದು. ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬಲೂನು ಕಟ್ಟಿ, ಹೊತ್ತು ಇಳಿಯುವಾಗ ಹುಲ್ಲಿಗೆ ಬೆಂಕಿ ಹಾಕಿ ಕಿಚ್ಚು ಹಾಯಿಸಿ, ಮನೆಯ ಬಾಗಿಲಲ್ಲಿ ಆರತಿ ಎತ್ತಿ ಪೊಂಗಲ್ ತಿನ್ನಿಸುತ್ತಿದ್ದರು. ಮಾರನೆಯ ದಿನ ತಮಿಳರ ಮಾಟ್ಟು ಪೊಂಗಲ್. ಅವತ್ತು ಅವರ ಮನೆಯ ಹಸುಗಳಿಗೆ ಅದೇ ಸಂಭ್ರಮ. ತೆಲುಗಿನವರು ಎರಡೂ ದಿನ ಮಾಡುತ್ತಿದ್ದರು. ಯಾರಾದರೂ ಕೇಳಿದರೆ, ದನಕ್ಕೆ ಒಂದು ದಿನ ಜಾಸ್ತಿ ಹಬ್ಬ ಆದರೆ ನಿಮಗೇನು ಕಷ್ಟ ಅನ್ನುತ್ತಿದ್ದರು. ಆದರೆ ಇಪ್ಪತ್ತು ಮನೆಯ ಪೊಂಗಲ್ ಇಪ್ಪತ್ತೆರಡು ಹಸುವಿಗೆ ಹಂಚಿಹೋಗುತ್ತಿತ್ತು. ಒಂದೊಂದಕ್ಕೆ ನಿಜವಾಗಿಯೂ ಒಂದೊಂದು ಹಿಡಿ.

ವ್ಯಾನು ಬೀದಿಗೆ ತಿರುಗಿದಾಗ ಚಂದ್ರಲೇಖಾ ಎರಡೂ ಪಕ್ಕ ನೋಡಿದಳು. ಕೊಟ್ಟಿಗೆ ಇದ್ದ ಕಡೆಯೆಲ್ಲ ಮೂರು ಮಹಡಿಯ ಬಾಡಿಗೆ ಮನೆಗಳು, ಕೆಳಗೆ ಸಾಲಾಗಿ ಬೈಕುಗಳು. ಬಾಗಿಲ ಮುಂದಿನ ದೊಡ್ಡ ರಂಗೋಲಿಗಳ ಮೇಲೆ ಟೈರಿನ ಗುರುತು. ಬೀದಿಯ ಕೊನೆಯಲ್ಲಿ, ಚೆಲುವಮ್ಮನ ಮನೆಯ ಪಕ್ಕ, ಶೀಟ್ ಹೊದಿಸಿದ ಒಂದೇ ಒಂದು ಕೊಟ್ಟಿಗೆ. ಅದರೊಳಗೆ ಕೊಂಬಿಗೆ ಒಂದು ಕಡೆ ಹಳದಿ, ಒಂದು ಕಡೆ ಕೆಂಪು ಬಳಿಸಿಕೊಂಡು, ಕೊರಳ ತುಂಬ ಬಾಡಿದ ಚೆಂಡುಹೂವು ಹಾಕಿಕೊಂಡು ಚುಕ್ಕಿ ಕೂತಿದ್ದಳು. ಹಣೆಯ ಮೇಲೆ ಒಂದರ ಮೇಲೊಂದು ಎಷ್ಟು ಕುಂಕುಮ ಬಿದ್ದಿತ್ತೆಂದರೆ ಆ ಹೆಸರಿಗೆ ಕಾರಣವಾದ ಬಿಳಿ ಚುಕ್ಕಿಯೇ ಕಾಣುತ್ತಿರಲಿಲ್ಲ.

“ಬಂದ್ಯಾ? ಬಾ ಬಾ,” ಅಂತ ಚೆಲುವಮ್ಮ ಎದ್ದು ಬಂದರು. ಅರವತ್ತು ದಾಟಿದ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಗಟ್ಟಿ ಹೆಂಗಸು. ಮಗ ಶಶಿಕುಮಾರ್ ಹೆಂಡತಿಯ ತವರಿಗೆ ಹಬ್ಬಕ್ಕೆ ಹೋಗಿದ್ದ. “ಮಗು ಹೆಂಗೈತೆ? ಯಾರ ಹತ್ರ ಬಿಟ್ಟು ಬಂದೆ?”

“ಅವ್ರಪ್ಪನ ಹತ್ರ. ಇವಳನ್ನ ನೋಡೋಣ ಮೊದ್ಲು.”

ಚುಕ್ಕಿಯ ಎಡಹೊಟ್ಟೆ ನಾದಿದ ಹಿಟ್ಟಿನ ಹಾಗಿತ್ತು. ಚಂದ್ರಲೇಖಾ ಒತ್ತಿದ ಬೆರಳಿನ ಗುಳಿ ಹಾಗೇ ನಿಂತಿತು. ಸ್ಟೆತಸ್ಕೋಪ್ ಇಟ್ಟು ಕೇಳಿದಳು. ಸರಿಯಿದ್ದ ಹಸುವಿನ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ದೂರದ ಗುಡುಗಿನ ಹಾಗೆ ಉರುಳುತ್ತದೆ. ಇಲ್ಲಿ ಐದು ನಿಮಿಷ ಕಾದರೂ ಏನೂ ಇಲ್ಲ. ನೀರು ತುಳುಕಿದ ಸದ್ದು ಮಾತ್ರ. ಎದೆಬಡಿತ ನೂರಾ ಎಂಟು, ಇರಬೇಕಾದದ್ದರ ಒಂದೂವರೆ ಪಟ್ಟು. ಸಗಣಿ ತೆಳ್ಳಗಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಬಾಯಿಯ ಮೂಲಕ ಕೊಳವೆ ಇಳಿಸಿ ಹೊಟ್ಟೆಯ ರಸ ತೆಗೆದು, ಹುಳಿ ತೋರಿಸುವ ಕಾಗದದ ಪಟ್ಟಿ ಅದ್ದಿ ನೋಡಿದಳು. ಬಣ್ಣ ನಡುವೆ ನಿಂತಿತು. ಕೊಯ್ಯಲೇಬೇಕು ಅನ್ನುವಷ್ಟು ಹುಳಿಯಿಲ್ಲ, ಅಡುಗೆ ಸೋಡಾ ಕುಡಿಸಿ ಸುಮ್ಮನಿರಬಹುದು ಅನ್ನುವಷ್ಟು ಸರಿಯೂ ಇಲ್ಲ.

ಎಲ್ಲ ನಿಂತಿದ್ದು ಇಲ್ಲೇ. ಅನ್ನ ದನದ ಹೊಟ್ಟೆಯೊಳಗೆ ಹುಳಿಯಲು ಹೊತ್ತು ಬೇಕು. ತಿಂದದ್ದು ಸ್ವಲ್ಪವೇ ಆಗಿದ್ದರೆ ಹುಳಿ ಇದಕ್ಕಿಂತ ಏರುವುದಿಲ್ಲ, ಸೋಡಾ, ಗ್ಲೂಕೋಸಿನಲ್ಲಿ ಸಂಜೆಗೆ ಸರಿಹೋಗುತ್ತದೆ. ಜಾಸ್ತಿ ತಿಂದಿದ್ದರೆ, ಅದೂ ನಿನ್ನೆ ಸಂಜೆ ತಿಂದಿದ್ದರೆ, ಹುಳಿಯಬೇಕಾದದ್ದು ಇನ್ನೂ ಒಳಗೇ ಇದೆ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ವಿಷವಾಗುತ್ತದೆ, ಆಮೇಲೆ ಕೊಯ್ದೂ ಪ್ರಯೋಜನವಿಲ್ಲ. ಹಾಗಂತ ಎಂಟು ತಿಂಗಳ ಗಬ್ಬದ ಹಸುವಿನ ಹೊಟ್ಟೆಯನ್ನು ಸುಮ್ಮನೆ ಕೊಯ್ಯಲೂ ಆಗದು.

“ಚೆಲುವಮ್ಮ, ನಿಜ ಹೇಳಿ. ಎಷ್ಟು ಹಾಕಿದ್ರಿ?”

“ನನ್ನಾಣೆ ಕಣೇ, ಸಂಕ್ರಾಂತಿ ಸಂಜೆ ಆರತಿ ಎತ್ತಿ ಒಂದು ಹಿಡಿ. ನಾನು ಹಾಕಿದ್ದು ಅಷ್ಟೇ.” ಚೆಲುವಮ್ಮ ಹಸುವಿನ ಕಿವಿ ಮುಟ್ಟಿ ನೋಡಿದರು. ತಣ್ಣಗಿತ್ತು. “ತವರಿಂದ ಹೊಡ್ಕೊಂಡು ಬಂದ ಹಸಿನ ಎಂಟನೇ ತಲೆ ಇದು. ಹೋದ್ ಸಲದ್ದು ಹೋರಿ ಕರ, ಅದರ ಹಿಂದಿಂದೂ ಹೋರಿ. ಇವಳು ಹೋದ್ರೆ ಅಲ್ಲಿಗೆ ಮುಗೀತು. ಉಳ್ಸಿಕೊಡೇ ತಾಯಿ.”

ಅಷ್ಟರಲ್ಲಿ ವ್ಯಾನು ನೋಡಿ ಬೀದಿಯವರು ಕೂಡಿದ್ದರು. ಎದುರು ಮನೆಯ ಅಲಮೇಲು ಟೀಚರ್ ಕನ್ನಡಕ ಒರೆಸಿಕೊಳ್ಳುತ್ತಾ ಮುಂದೆ ನಿಂತಿದ್ದರು. ಚಂದ್ರಲೇಖಾಗೆ ಮೂರನೆಯ ಕ್ಲಾಸಿನಲ್ಲಿ ತಮಿಳು ಅಕ್ಷರ ತಿದ್ದಿಸಿದವರು ಅವರೇ. ಪಕ್ಕದಲ್ಲಿ ಹೂ ಕಟ್ಟುವ ಮುನಿಲಕ್ಷ್ಮಿ, ಅವಳ ಹಿಂದೆ ಇನ್ನೂ ಏಳೆಂಟು ಮಂದಿ.

“ಟೀಚರ್, ನೀವೇನಾದ್ರೂ ತಿನ್ನಿಸಿದ್ರಾ?”

“ನಾನಾ? ಒರೇ ಒರು ಪಿಡಿ ಮಾ. ಒಂದೇ ಹಿಡಿ.”

“ಮುನಿಲಕ್ಷ್ಮಕ್ಕ?”

“ಅಯ್ಯೋ, ನಮ್ದು ಬರೀ ಬಾಳೆಹಣ್ಣಿನ ಸಿಪ್ಪೆ.”

“ಎಷ್ಟು?”

“ಒಂದೆರಡು.”

ಉಳಿದವರೂ ಅದನ್ನೇ ಹೇಳಿದರು. ಬೀದಿಯಲ್ಲಿ ಎಲ್ಲರದೂ ಒಂದೊಂದು ಹಿಡಿ. ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಿದ್ದರು. ಚುಕ್ಕಿ ಒಮ್ಮೆ ಹಲ್ಲು ಕಡಿದಳು. ಆ ಕಟಕಟ ಸದ್ದು ಕೇಳಿ ಚಂದ್ರಲೇಖಾಗೆ ಕೆಲಸಕ್ಕೆ ಸೇರಿದ ಮೊದಲ ವರ್ಷದ ಸಂಕ್ರಾಂತಿ ನೆನಪಾಯಿತು. ಬಾಗಲೂರಿನ ಕಡೆ ಒಂದು ಹಳ್ಳಿ, ಒಂದು ಬಿಳಿ ಎತ್ತು, ಮತ್ತು ರಾಮಕೃಷ್ಣಪ್ಪ.

ರಾಮಕೃಷ್ಣಪ್ಪ ಆಗ ಆಸ್ಪತ್ರೆಯ ಸಹಾಯಕ. ಸರ್ಕಾರಿ ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಳೆದು, ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಾರದೆ ಇಲ್ಲಿಗೆ ಬಂದವರು. ಖಾಕಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬೆಲ್ಲದ ಉಂಡೆ, ಒಂದು ಸೂಜಿಪೆಟ್ಟಿಗೆ. ದನದ ಜೊತೆ ಅದನ್ನು ಸಾಕಿದವರ ಭಾಷೆಯಲ್ಲೇ ಮಾತಾಡುತ್ತಿದ್ದರು. ಸೂಳಗಿರಿ ಸಂತೆಯಿಂದ ತಂದ ಹಸುವಿನ ಹತ್ತಿರ ತೆಲುಗು, ರಾಯಕೋಟೆಯ ಎತ್ತಿನ ಹತ್ತಿರ ತಮಿಳು. “ನಿಮ್ಮ ನಾಮಕ್ಕಲ್ ಕಾಲೇಜಲ್ಲಿ ಇಂಗ್ಲಿಷಲ್ಲಿ ಓದ್ಕೊಂಡು ಬಂದಿದ್ದೀರಿ ಡಾಕ್ಟ್ರಮ್ಮ, ಇದಕ್ಕೆ ಇಂಗ್ಲಿಷ್ ಬರಲ್ಲ, ಸ್ವಲ್ಪ ಇಳಿದು ಮಾತಾಡಿ,” ಅಂತ ರೇಗಿಸುತ್ತಿದ್ದರು. ಇಪ್ಪತ್ತನಾಲ್ಕು ವರ್ಷದ ಚಂದ್ರಲೇಖಾಗೆ ಆಗ ಮೂಗಿನ ತುದಿಯಲ್ಲೇ ಕೋಪ. ಆದರೂ ಅವರು ಜೊತೆಗಿಲ್ಲದ ದಿನ ವ್ಯಾನು ಹತ್ತಲು ಕಾಲು ಬರುತ್ತಿರಲಿಲ್ಲ.

ಆ ಎತ್ತಿನ ಮನೆಯಲ್ಲಿ ಅವಳು ಕೇಳಿದ್ದು ಇದೇ ಪ್ರಶ್ನೆ. ಎಷ್ಟು ಹಾಕಿದ್ರಿ? ಬಂದದ್ದು ಇದೇ ಉತ್ತರ. ಒಂದು ಹಿಡಿ. ಅವಳು ನಂಬಿದಳು. ಸೋಡಾ ಕುಡಿಸಿ, ಸೂಜಿ ಚುಚ್ಚಿ ಹೊರಟಳು. ಸಂಜೆ ಹೊತ್ತಿಗೆ ಎತ್ತು ಹೋಯಿತು. ರಾಮಕೃಷ್ಣಪ್ಪ ಎತ್ತಿನ ಮನೆಯವರ ಎದುರು ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ಬಾಗಲೂರು ರಸ್ತೆಯ ಒಂದು ಟೀ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ, ಎರಡು ಟೀ ತರಿಸಿ, ಅವಳ ಮುಖ ನೋಡದೆ ಹೇಳಿದರು.

“ನೀವು ಕೇಳಿದ್ದು ಎತ್ತಿನ ಹೊಟ್ಟೆ ವಿಚಾರ ಡಾಕ್ಟ್ರಮ್ಮ. ಅವ್ರಿಗೆ ಕೇಳ್ಸಿದ್ದು ತಪ್ಪು ಯಾರ್ದು ಅಂತ. ಪ್ರೀತಿಗೆ ಹಾಕಿರ್ತಾರೆ. ಅದನ್ನ ತಪ್ಪು ಅಂತ ಒಪ್ಕೊಳ್ಳೋಕೆ ಯಾರಿಗೆ ಬಾಯಿ ಬತ್ತದೆ? ಹಂಗೆ ಕೇಳ್ಬೇಡಿ.”

“ಮತ್ತೆ ಹೇಗೆ ಕೇಳ್ಬೇಕು?”

“ಈ ಸಲ ಪೊಂಗಲ್ ಹೆಂಗಾಗಿತ್ತು ಅನ್ನಿ. ಅಷ್ಟೇ. ಆಮೇಲೆ ಸುಮ್ಮನೆ ಕೂತು ಕೇಳಿಸ್ಕೊಳ್ಳಿ. ಪಾತ್ರೆ ಎಷ್ಟು ದೊಡ್ಡದು, ಅಕ್ಕಿ ಎಷ್ಟು, ಮನೇಲಿ ತಿನ್ನೋರು ಎಷ್ಟು ಮಂದಿ. ಉಳಿದದ್ದು ಎಲ್ಲಿಗೆ ಹೋಯ್ತು ಅಂತ ನಿಮ್ಗೇ ಗೊತ್ತಾಯ್ತದೆ.”

ಆ ರಾಮಕೃಷ್ಣಪ್ಪ ಈಗ ಇಲ್ಲ. ಚಂದ್ರಲೇಖಾ ಏಳು ತಿಂಗಳ ಬಸುರಿಯಾಗಿದ್ದಾಗ ತೀರಿಹೋದರು. ಬಸುರಿ ಹೆಂಗಸು ಸಾವಿನ ಮನೆಗೆ ಹೋಗಬಾರದು ಅಂತ ಮನೆಯವರು ಅವಳಿಗೆ ಹದಿನೈದು ದಿನ ವಿಷಯವನ್ನೇ ತಿಳಿಸಿರಲಿಲ್ಲ. ತಿಳಿದ ದಿನ ಅವಳು ಆಸ್ಪತ್ರೆಯ ವ್ಯಾನಿನಲ್ಲಿ ಅವರು ಕೂರುತ್ತಿದ್ದ ಜಾಗ ಕಣ್ಣ ಮುಂದೆ ಬಂದು, ತೊಳೆಯಲು ಇಟ್ಟ ಪಾತ್ರೆಗಳ ಮುಂದೆ ನಿಂತು ಅತ್ತಿದ್ದಳು.

ಈಗ ಅವಳು ಸ್ಟೆತಸ್ಕೋಪ್ ಕೊರಳಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಹುಲ್ಲಿನ ಪಿಂಡಿಯೊಂದನ್ನು ಎಳೆದುಕೊಂಡು ಅದರ ಮೇಲೆ ಕೂತಳು.

“ಟೀಚರ್, ಈ ವರ್ಷ ಪೊಂಗಲ್ ಹೇಗಾಗಿತ್ತು?”

ಅಲಮೇಲು ಟೀಚರ್ ಮುಖ ಅರಳಿತು. “ಅದನ್ನ ಯಾಕೆ ಕೇಳ್ತೀಯ ಮಾ! ಹಾಲು ಉಕ್ಕಿದ್ದು ಸರಿಯಾಗಿ ಪೂರ್ವದ ಕಡೆಗೆ. ನಮ್ಮ ಅತ್ತೆ ಕಾಲದ ಹಿತ್ತಾಳೆ ಪಾನೈ ಇದೆಯಲ್ಲ, ಅದರಲ್ಲೇ ಮಾಡಿದ್ದು. ಗೋಡಂಬಿ ಇಡಿ ಇಡಿಯಾಗಿ ಹಾಕ್ತೀನಿ ನಾನು, ಮುರಿಯೋದಿಲ್ಲ.”

“ಆ ದೊಡ್ಡ ಪಾತ್ರೆಯಲ್ಲಾ? ಅಕ್ಕಿ ಎಷ್ಟು ಹಿಡಿಯುತ್ತೆ ಅದು?”

“ಎರಡು ಕೆಜಿ ಹಾಕಿದ್ರೂ ಇನ್ನೂ ಜಾಗ ಇರುತ್ತೆ.”

“ಮನೆಗೆ ಯಾರಾದ್ರೂ ಬಂದಿದ್ರಾ?”

“ಯಾರಿಲ್ಲ. ನಾನು, ಅವರು.”

“ಅವರಿಗೆ ಸಿಹಿ ಅಂದ್ರೆ ಇಷ್ಟ, ಅಲ್ವಾ?”

“ಎಲ್ಲಿ ಮಾ! ಇಬ್ಬರಿಗೂ ಶುಗರ್. ಚಮಚದಲ್ಲಿ ಬಾಯಿಗೆ ಹಾಕ್ಕೊಂಡು...”

ಟೀಚರ್ ನಿಲ್ಲಿಸಿದರು. ಆಮೇಲೆ ಮುನಿಲಕ್ಷ್ಮಿ ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕಳು.

“ನೀನೇನೇ ನಗೋದು?” ಅಂದರು ಟೀಚರ್. “ನಿನ್ನೆ ಎರಡು ಸಲ ಬಂದು ತಟ್ಟೆ ನೆಕ್ಕಿಸ್ಕೊಂಡು ಹೋಗಲಿಲ್ವಾ ನೀನು? ಬೆಳಿಗ್ಗೆ ಒಂದು ಸಲ, ದೀಪ ಹಚ್ಚೋ ಹೊತ್ತಲ್ಲಿ ಇನ್ನೊಂದು ಸಲ. ಕಿಟಕೀಲಿ ನೋಡಿದ್ದೀನಿ.”

“ನಾನು ಹಾಕಿದ್ದು ಪುಟ್ ತಟ್ಟೆ ಕಣಮ್ಮ. ಮೂರನೇ ಮನೆಯೋರು ಬೋಸಿನೇ ತಂದು ಬೋರಲು ಹಾಕಿದ್ರು.”

“ನಾವು ಹಾಕಿದ್ದು ಮೊದಲ್ನೇ ದಿನ ಕಣಕ್ಕಾ!” ಅಂತ ಹಿಂದಿನಿಂದ ಒಂದು ದನಿ.

ಇನ್ನು ಯಾರನ್ನೂ ಕೇಳಬೇಕಾಗಲಿಲ್ಲ. ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಹೇಳಿದರು. ಕಬ್ಬಿನ ಸಿಪ್ಪೆ, ಬೇಯಿಸಿದ ಗೆಣಸು, ಎಳ್ಳು ಬೆಲ್ಲ, ಒಂದು ಮನೆಯವರು ಉಳಿದ ವಡೆಯನ್ನೂ. ಚಂದ್ರಲೇಖಾ ಬೆರಳು ಮಡಿಸುತ್ತಾ ಹೋದಳು. ಹದಿಮೂರು ಮನೆ. ಅಕ್ಕಿಯೇ ಹತ್ತು ಕೆಜಿಯ ಮೇಲೆ. ಅರ್ಧಕ್ಕೂ ಹೆಚ್ಚು ನಿನ್ನೆ ಸಂಜೆಯದು. ಯಾರೂ ಸುಳ್ಳು ಹೇಳಿರಲಿಲ್ಲ. ಅವರವರ ಮನಸ್ಸಿನಲ್ಲಿ ಅದು ಒಂದು ಹಿಡಿಯೇ. ಹಬ್ಬ ಹಾಗೇ ಉಳಿದಿತ್ತು, ಪಾತ್ರೆಗಳೂ ಹಾಗೇ ಉಳಿದಿದ್ದವು. ಹಸುಗಳು ಮಾತ್ರ ಒಂದೊಂದಾಗಿ ಹೋಗಿ, ಬೀದಿಯ ಪ್ರೀತಿಯೆಲ್ಲ ಬಂದು ಒಂದೇ ಹೊಟ್ಟೆಗೆ ಬಿದ್ದಿತ್ತು.

ಅವಳು ಎದ್ದಳು. “ಚೆಲುವಮ್ಮ, ಹೊಟ್ಟೆ ಕೊಯ್ದು ಎಲ್ಲ ತೆಗೀಬೇಕು. ಈಗಲೇ.”

ಚೆಲುವಮ್ಮ ಕೊಟ್ಟಿಗೆಯ ಕಂಬ ಹಿಡಿದುಕೊಂಡರು. ಅದುವರೆಗೆ ‘ಕಣೇ’ ಅನ್ನುತ್ತಿದ್ದ ಬಾಯಿ ಬದಲಾಯಿತು. “ಡಾಕ್ಟ್ರೇ, ಕರ?”

“ಹೇಳೋಕಾಗಲ್ಲ. ಗಾಬರಿಗೆ ತಿಂಗಳು ತುಂಬೋ ಮುಂಚೆನೇ ಹಾಕಿಬಿಡಬಹುದು. ಆದ್ರೆ ತೆಗೀದಿದ್ರೆ ಎರಡೂ ಇಲ್ಲ.”

“ಶಶಿನ ಒಂದು ಮಾತು ಕೇಳ್ಲಾ?”

“ಕೇಳಿ. ಆದ್ರೆ ನಾನು ಅಷ್ಟರಲ್ಲಿ ಕೂದಲು ಬೋಳಿಸ್ತಾ ಇರ್ತೀನಿ.”

ಚೆಲುವಮ್ಮ ಫೋನ್ ಕೈಗೆತ್ತಿಕೊಂಡರು, ನೋಡಿದರು, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಅವ್ನಿಗೇನ್ ಗೊತ್ತು. ನೀವು ಮಾಡಿ.”

ಚುಕ್ಕಿಯನ್ನು ಎಬ್ಬಿಸಿ ಎರಡು ಕಂಬದ ನಡುವೆ ನಿಲ್ಲಿಸಿದರು. ಇಂಥ ಕೆಲಸಕ್ಕೆ ದನವನ್ನು ಮಲಗಿಸುವುದಿಲ್ಲ. ಪಕ್ಕೆಗೆ ಮರಗಟ್ಟುವ ಸೂಜಿ ಚುಚ್ಚಿ, ನಿಂತ ಹಾಗೇ ಎಡಗಡೆ ಕೊಯ್ಯುತ್ತಾರೆ. ರಕ್ತನಾಳಕ್ಕೆ ಹಾಕಿದ ಗ್ಲೂಕೋಸ್ ಬಾಟಲಿ ತೂಗುಹಾಕಲು ಎತ್ತರದಲ್ಲಿ ಮೊಳೆ ಇರಲಿಲ್ಲ. ಅಲಮೇಲು ಟೀಚರ್ ತಮ್ಮ ಮನೆಯಿಂದ ಸ್ಟೂಲ್ ತರಿಸಿ ಅದರ ಮೇಲೆ ಹತ್ತಿ ನಿಂತರು. “ನಾನು ಹಿಡೀತೀನಿ. ಯಾರೂ ಮಾತಾಡಬೇಡಿ,” ಅಂದರು, ಕ್ಲಾಸಿನಲ್ಲಿ ಹೇಳುವ ಹಾಗೆ. ಎಪ್ಪತ್ತು ವರ್ಷದ ಕೈ, ಆಮೇಲೆ ಒಂದು ಸಲವೂ ಇಳಿಯಲಿಲ್ಲ.

ಚಂದ್ರಲೇಖಾ ಬ್ಲೇಡು ಹಿಡಿದು, ಗೆರೆ ಎಲ್ಲಿಂದ ಅಂತ ಬೆರಳಿನಲ್ಲಿ ಎರಡು ಸಲ ಅಳೆದಳು. ದೇವರಾಜು ನೋಡಿದ, ನೋಡದವನ ಹಾಗೆ ಹತ್ತಿ ಮಡಿಸತೊಡಗಿದ. ಮೊದಲ ಗೆರೆ ಎಳೆಯುವವರೆಗೆ ಮಾತ್ರ ಆ ಹಿಂಜರಿಕೆ. ಚರ್ಮ, ಅದರ ಕೆಳಗೆ ಮಾಂಸದ ಪದರಗಳು, ಕೊನೆಗೆ ತೆಳ್ಳನೆಯ ಪೊರೆ. ಕೈ ತಾನಾಗಿ ದಾರಿ ಹುಡುಕಿಕೊಂಡಿತು. ಹೊಟ್ಟೆಯ ಚೀಲವನ್ನು ಹೊರಗೆಳೆದು ಚರ್ಮಕ್ಕೆ ಸುತ್ತ ಹೊಲಿದು, ಬಾಯಿ ತೆರೆದಳು. ಹುಳಿ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಭುಜದವರೆಗೆ ಕೈ ಒಳಗೆ ಹಾಕಿದಳು.

ಮೊದಲನೆಯ ಬಕೆಟ್ ತುಂಬಿತು. ಎರಡನೆಯದು ತುಂಬಿತು. ಬೆಚ್ಚಗಿನ ಅನ್ನ, ಕಬ್ಬಿನ ನಾರು, ಬಾಳೆಹಣ್ಣಿನ ಸಿಪ್ಪೆ. ಅದೂ ಒಂದೆರಡಲ್ಲ, ಹೂಮಾಲೆಯ ಹಾಗೆ ಬಂದವು.

“ಮುನಿಲಕ್ಷ್ಮಕ್ಕ, ನಿಮ್ಮ ಒಂದೆರಡು ಇನ್ನೂ ಮುಗಿದಿಲ್ಲ,” ಅಂದ ದೇವರಾಜು.

“ಮುಚ್ಕೊಂಡು ಕೆಲ್ಸ ನೋಡ್ಲಾ,” ಅಂದಳು ಅವಳು, ಆದರೆ ಬಕೆಟ್ ಎತ್ತಲು ತಾನೇ ಮುಂದೆ ಬಂದಳು.

ಮೂರನೆಯ ಬಕೆಟ್ಟಿನಲ್ಲಿ ಇಡಿ ಇಡಿ ಗೋಡಂಬಿ ತೇಲಿತು. ಸ್ಟೂಲಿನ ಮೇಲಿಂದ ಟೀಚರ್ ಅದನ್ನು ನೋಡಿದರು. ಕನ್ನಡಕದ ಕೆಳಗೆ ನೀರು ಇಳಿಯಿತು. ಎರಡೂ ಕೈಯಿಂದ ಬಾಟಲಿ ಹಿಡಿದಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಚೆಲುವಮ್ಮ ತಮ್ಮ ಸೆರಗಿನಿಂದ ಒರೆಸಿ, “ಬುಡಿ ಟೀಚರ್, ನಾನು ಹಾಕಿದ್ದೂ ಒಂದು ಹಿಡಿ ಅಲ್ಲ. ಮೂರು ಸೌಟು,” ಅಂದರು.

ಅದೇ ಹೊತ್ತಿಗೆ ಚಂದ್ರಲೇಖಾಗೆ ಎದೆಯಲ್ಲಿ ಚುಳ್ಳೆಂದು ಹಾಲು ಇಳಿಯಿತು. ಮಗಳು ಹನ್ನೊಂದು ಗಂಟೆಗೆ ಹಾಲು ಕುಡಿದು ಮಲಗುವವಳು. ಮೈಗೆ ಗಡಿಯಾರ ಬೇಡ. ಕುರ್ತಾ ಒದ್ದೆಯಾದದ್ದು ಏಪ್ರನ್ನಿನ ಕೆಳಗೆ ಯಾರಿಗೂ ಕಾಣಲಿಲ್ಲ. ಅವಳ ಕೈ ಆಗ ಹೊಟ್ಟೆಯ ಚೀಲದ ತಳದಲ್ಲಿತ್ತು. ಅದರ ಗೋಡೆಯಾಚೆಯಿಂದ ಏನೋ ಗಟ್ಟಿಯಾದದ್ದು ಅವಳ ಅಂಗೈಯನ್ನು ಮೆಲ್ಲಗೆ ದೂಡಿತು. ಅವಳು ಕೈ ಅಲ್ಲಾಡಿಸದೆ ನಿಂತಳು. ಇನ್ನೊಮ್ಮೆ ದೂಡಿತು. ಪುಟ್ಟ ಗೊರಸು.

“ಚೆಲುವಮ್ಮ, ಕರ ಒದೀತಾ ಇದೆ.”

ಚೆಲುವಮ್ಮ ಚುಕ್ಕಿಯ ಮೂತಿಯನ್ನು ಎದೆಗೆ ಒತ್ತಿ ಹಿಡಿದರು.

ಐದು ಬಕೆಟ್ಟಾದ ಮೇಲೆ ತೊಳೆದು, ಒಳಗಿನ ಹೊಲಿಗೆ ಹಾಕತೊಡಗಿದಳು. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬರೀ ಖಾಲಿ ಹೊಟ್ಟೆ ತಾನಾಗಿ ನಡೆಯದು. ಮೇವು ಅರಗಿಸುವ ಕಣ್ಣಿಗೆ ಕಾಣದ ಜೀವಗಳೆಲ್ಲ ಹುಳಿಗೆ ಸತ್ತಿರುತ್ತವೆ. ಅವನ್ನು ಆರೋಗ್ಯವಾಗಿರುವ ಇನ್ನೊಂದು ಹಸುವಿನ ಹೊಟ್ಟೆಯಿಂದಲೇ ತರಬೇಕು. ಮೊದಲಾದರೆ ಪಕ್ಕದ ಮನೆಯ ಕೊಟ್ಟಿಗೆಗೆ ಹೋದರೆ ಸಾಕಿತ್ತು. ಈಗ ಊರಾಚೆ ಐದು ಮೈಲಿ, ಗುಲಾಬಿ ತೋಟದ ಪಕ್ಕ ಮೂರ್ತಿ ಅನ್ನುವವರ ಹತ್ತಿರ ನಾಲ್ಕು ಹಸುಗಳಿವೆ. ದೇವರಾಜು ಕೊಳವೆ ಹೆಗಲಿಗೆ ಹಾಕಿಕೊಂಡು ಬೀದಿಯ ಹುಡುಗನೊಬ್ಬನ ಬೈಕಿನ ಹಿಂದೆ ಕೂತು ಹೋದ. ಅವನು ವಾಪಸ್ ಬರುವ ಹೊತ್ತಿಗೆ ಹೊರಗಿನ ಹೊಲಿಗೆಯೂ ಮುಗಿದಿತ್ತು. ಹಾಲಿನ ಕ್ಯಾನಿಗೆ ಕಂಬಳಿ ಸುತ್ತಿ, ಮಗುವನ್ನು ತಂದ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಬೆಚ್ಚಗಿನ, ಹುಲ್ಲಿನ ವಾಸನೆಯ, ಹಸಿರು ರಸ.

“ಮೂರ್ತಿ ಅಣ್ಣ ಕೇಳಿದ್ರು, ಅವಲಪಲ್ಲೀಲಿ ಇನ್ನೂ ಹಸು ಐತಾ ಅಂತ,” ಅಂದ.

ಕೊಳವೆಯಲ್ಲಿ ಆ ರಸ ಇಳಿಸಿದ ಮೇಲೆ ಮಾಡಲು ಇನ್ನೇನೂ ಇರಲಿಲ್ಲ. ಚಂದ್ರಲೇಖಾ ಚೆಲುವಮ್ಮನಿಗೆ ಹೇಳಿದಳು. “ನಾಳೆ ನಾಡಿದ್ದು ನೋಡ್ಬೇಕು. ಮೆಲುಕು ಹಾಕಿ ಬಾಯಾಡಿಸೋಕೆ ಶುರು ಮಾಡಿದ್ರೆ ಗೆದ್ದ ಹಾಗೆ. ಮಾಡದಿದ್ರೆ...”

“ಗೊತ್ತು ಬುಡು,” ಅಂದರು ಚೆಲುವಮ್ಮ.

ಮನೆಗೆ ಬಂದಾಗ ನಾಲ್ಕು ಗಂಟೆ. ಬಾಗಿಲಲ್ಲೇ ಬಟ್ಟೆ ಬದಲಾಯಿಸಿ, ಸೀಗೆಪುಡಿ ಹಾಕಿ ಕೈ ಉಜ್ಜಿ ಸ್ನಾನ ಮಾಡಿದರೂ ಹುಳಿ ವಾಸನೆ ಹೋಗಲಿಲ್ಲ. ಮಗಳಿಗೆ ಅದರ ಚಿಂತೆಯಿರಲಿಲ್ಲ. ಎರಡು ಕೈಯಲ್ಲೂ ಹಿಡಿದುಕೊಂಡು, ಹುಬ್ಬು ಗಂಟಿಕ್ಕಿ, ಬೆಳಗಿನಿಂದ ಬಾಕಿ ಇದ್ದದ್ದನ್ನೆಲ್ಲ ಕುಡಿದಳು. ಅನಂತ್ ಮುಂದೆ ಕೂತು ಹೆಂಡತಿಗೆ ಅನ್ನ ಕಲಸಿ ತುತ್ತು ಕೊಟ್ಟ.

“ಎಷ್ಟು ಹಿಡಿ?” ಅಂತ ಕೇಳಿದ.

“ಐದು ಬಕೆಟ್.”

ಮಾರನೆಯ ದಿನ ಚುಕ್ಕಿ ನಿಂತಿದ್ದಳು, ನೀರು ಕುಡಿದಳು, ಬಾಯಾಡಿಸಲಿಲ್ಲ. ಹೊಟ್ಟೆಯಲ್ಲಿ ಸದ್ದಿಲ್ಲ. ಚಂದ್ರಲೇಖಾ ಹೊಲಿಗೆ ನೋಡಿ, ಸೂಜಿ ಹಾಕಿ, ಇನ್ನೊಂದು ಕ್ಯಾನ್ ರಸ ಇಳಿಸಿ ಬಂದಳು. ಬೀದಿಯ ಹೆಂಗಸರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು, ಹತ್ತಿರ ಬರಲಿಲ್ಲ. ಕೊಟ್ಟಿಗೆಯ ಮುಂದೆ ಯಾರೋ ಹಗ್ಗ ಕಟ್ಟಿದ್ದರು. ಅದಕ್ಕೆ ಟೀಚರ್ ಕೈಬರಹದ ಒಂದು ರಟ್ಟು, ತಮಿಳಿನಲ್ಲೂ ಕನ್ನಡದಲ್ಲೂ. ‘ಏನೂ ಕೊಡಬೇಡಿ.’ ಕನ್ನಡದ ಅಕ್ಷರಗಳು ಸೊಟ್ಟಗಿದ್ದವು. ಅವನ್ನು ಅವರು ಈ ಬೀದಿಗೆ ಬಂದ ಮೇಲೆ, ಅಂಗಡಿಯ ಬೋರ್ಡುಗಳನ್ನು ನೋಡಿ ನೋಡಿ ಕಲಿತದ್ದು.

ಅದರ ಮಾರನೆಯ ದಿನ ಭಾನುವಾರ. ಸಂಜೆ ಚಂದ್ರಲೇಖಾ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಫೋನ್ ಹೊಡೆಯಿತು. ಎಣ್ಣೆಯ ಕೈಯಲ್ಲಿ ಸ್ಪೀಕರ್ ಒತ್ತಿದಳು. ಆ ಕಡೆಯಿಂದ ಮಾತೇ ಇಲ್ಲ.

“ಚೆಲುವಮ್ಮ? ಏನಾಯ್ತು? ಹೇಳಿ.”

“ಶ್. ಕೇಳಿಸ್ಕೋ.”

ಮೊದಲು ಬರೀ ಉಸಿರು. ಆಮೇಲೆ ಒಂದು ಸಣ್ಣ ತೇಗು, ಗಂಟಲಿನಿಂದ ಏನೋ ಮೇಲೆ ಬಂದ ಸದ್ದು. ಅದರ ಹಿಂದೆಯೇ, ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ, ಕರುಂ ಕರುಂ, ಕರುಂ ಕರುಂ. ಚೆಲುವಮ್ಮ ಫೋನನ್ನು ಹಸುವಿನ ಬಾಯಿಗೇ ಹಿಡಿದಿದ್ದರು. ಭೂಮಿಕಾ ಕಾಲಾಡಿಸುವುದನ್ನು ನಿಲ್ಲಿಸಿ, ಫೋನಿನ ಕಡೆ ತಿರುಗಿ, ಕಣ್ಣು ಅರಳಿಸಿ ಕೇಳಿದಳು. ಚಂದ್ರಲೇಖಾ ಒಂದು, ಎರಡು ಅಂತ ಎಣಿಸಿದಳು. ಐವತ್ತರ ಹತ್ತಿರ ಬಂದಾಗ ಒಮ್ಮೆ ನಿಂತು, ನುಂಗಿ, ಮತ್ತೆ ತೇಗಿ, ಮತ್ತೆ ಶುರುವಾಯಿತು. ಇಪ್ಪತ್ತೆರಡು ಹಸುಗಳು ಊಟ ಮುಗಿಸಿ ಕೂತ ಬೀದಿಯಲ್ಲಿ ಮಲಗಿ ನಿದ್ದೆ ಹೋಗುತ್ತಿದ್ದ ರಾತ್ರಿಗಳಲ್ಲಿ ಅವಳಿಗೆ ಇದು ಸದ್ದು ಅಂತ ಅನ್ನಿಸಿದ್ದೇ ಇಲ್ಲ.

“ಕೇಳಿಸ್ತಾ?” ಅಂದರು ಚೆಲುವಮ್ಮ.

“ಕೇಳಿಸ್ತು ಚೆಲುವಮ್ಮ. ಕರ?”

“ಈಗ್ ತಾನೆ ಪಕ್ಕೇಲಿ ಮಿಸುಕಾಡ್ತು. ಟೀಚರೂ ನೋಡಿದ್ರು.” ಮೂಗು ಒರೆಸಿಕೊಂಡ ಸದ್ದು ಬಂತು. “ಈಗ ಏನು ಕೊಡ್ಲಿ ತಿನ್ನೋಕೆ?”

“ಒಣಹುಲ್ಲು. ಬರೀ ಹುಲ್ಲು, ನೀರು. ಒಂದು ವಾರ.”

“ಹೂಂ ಹೂಂ. ಹುಲ್ಲು.” ಸ್ವಲ್ಪ ಹೊತ್ತು ಆ ಕಡೆ ಏನೋ ಗುಸುಗುಸು ನಡೆಯಿತು. ಟೀಚರ್ ದನಿ, ಮುನಿಲಕ್ಷ್ಮಿ ದನಿ. ಆಮೇಲೆ ಚೆಲುವಮ್ಮ ಮೆಲ್ಲಗೆ ಕೇಳಿದರು. “ಅಲ್ವೇ ಚಂದ್ರೀ, ಪಾಪ, ಮೂರು ದಿನದಿಂದ ಉಪವಾಸ ಅವ್ಳೆ. ಒಂದು ಚೂರು ಬೆಲ್ಲ? ಒಂದೇ ಒಂದು ಚೂರು ಕಣೇ?”

“ಚೆಲುವಮ್ಮಾ!”

“ಆಯ್ತು ಆಯ್ತು, ಕೂಗ್ಬೇಡ. ಕೇಳಿದೆ ಅಷ್ಟೇ,” ಅಂದು ಅವರು ಫೋನನ್ನು ಮತ್ತೆ ಚುಕ್ಕಿಯ ಬಾಯಿಗೆ ಹಿಡಿದರು.